ಶಿಷ್ಯನ ಓಲೆಗಳನ್ನು ಕಾಪಾಡಿದ ಗುರು

ವಿದ್ಯಾಗುರುವಿನ ಯೋಗ್ಯತೆಯನ್ನು ಅಳೆಯಲು ಲೋಕದಲ್ಲಿ ಎರಡು ಮಾನದಂಡಗಳು ರೂಢಿಯಲ್ಲಿವೆ. ಅವನು ರಚಿಸಿದ ಗ್ರಂಥಗಳು ಒಂದು. ಅವನು ಪಡೆದ ಪದವಿ ಪುರಸ್ಕಾರಗಳು ಇನ್ನೊಂದು. ಇವೆರಡರಿಂದಲೂ ಅಳೆಯಲಾಗದ ಗುರುಗಳು ಕೆಲವರುಂಟು. ಅವರ ಹಿರಿಮೆ ತಿಳಿಯಬೇಕಾದರೆ ಅವರು ಬಿಟ್ಟುಹೋದ ಕಾಗದಪತ್ರಗಳ ಕಟ್ಟನ್ನು ಬಿಚ್ಚಬೇಕು. ಆ ಕಟ್ಟು ಉಳಿದಿದ್ದರೆ ಅವರೂ ಉಳಿದರು. ಅದು ಗೆದ್ದಲಿನ ಪಾಲಾಗಿದ್ದರೆ ಅವರ ಹೆಸರೂ ಮಣ್ಣುಪಾಲಾಯಿತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಾನ್ ಸ್ಟೀವನ್ಸ್ ಹೆನ್ಸ್‌ಲೋ ಅವರ ಜೀವನವು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಹೆನ್ಸ್‌ಲೋ ಅವರು 1796ರಲ್ಲಿ ಕೆಂಟ್ ಪ್ರಾಂತದ ರಾಚೆಸ್ಟರ್ ಪಟ್ಟಣದಲ್ಲಿ ಜನಿಸಿದರು. ಬಾಲ್ಯದಲ್ಲಿ ಪ್ರವಾಸಗ್ರಂಥಗಳನ್ನು ಓದಿ ಆಫ್ರಿಕದ ಕಾಡುಗಳನ್ನು ಕಾಣಬೇಕೆಂದು ಹಂಬಲಿಸಿದರು, ತಂದೆತಾಯಿಗಳು ಒಪ್ಪಲಿಲ್ಲ. ಕೇಂಬ್ರಿಜ್‌ನಲ್ಲಿ ಓದಿ, 1819ರಲ್ಲಿ ಭೂವಿಜ್ಞಾನಿ ಸೆಜ್‌ವಿಕ್ ಅವರೊಡನೆ ಸೇರಿ ಕೇಂಬ್ರಿಜ್ ಫಿಲಸಾಫಿಕಲ್ ಸೊಸೈಟಿಯ ಸ್ಥಾಪನೆಗೆ ಕಾರಣರಾದರು. 1822ರಲ್ಲಿ ಖನಿಜಶಾಸ್ತ್ರದ ಪೀಠವೂ 1825ರಲ್ಲಿ ಸಸ್ಯಶಾಸ್ತ್ರದ ಪೀಠವೂ ಅವರಿಗೆ ದೊರೆತವು. ಅವರಿಗೆ ಮೊದಲು ಆ ಸಸ್ಯಶಾಸ್ತ್ರ ಪೀಠದಲ್ಲಿದ್ದ ಥಾಮಸ್ ಮಾರ್ಟಿನ್ ಅವರು 1762ರಿಂದ ಆ ಸ್ಥಾನದಲ್ಲಿದ್ದು, ಕೊನೆಯ ಸುಮಾರು ಮೂರು ದಶಕಗಳ ಕಾಲ ಪಾಠವನ್ನೇ ಹೇಳಿರಲಿಲ್ಲ. ಪೀಠವಿತ್ತು, ವಿದ್ಯೆ ಇರಲಿಲ್ಲ.

ಅಂಥ ಒಣಗಿದ ನೆಲಕ್ಕೆ ಹೆನ್ಸ್‌ಲೋ ಅವರು ನೀರೆರೆದರು. ಗೋಡೆಗೆ ತೂಗುಹಾಕುವ ದೊಡ್ಡ ಚಿತ್ರಪಟಗಳನ್ನು ಸ್ವಹಸ್ತದಿಂದ ಬರೆದು ಪಾಠ ಹೇಳಿದರು. ವಿದ್ಯಾರ್ಥಿಗಳ ಕೈಗೆ ಹೂವನ್ನೇ ಕೊಟ್ಟು ಅದರ ಅಂಗಗಳನ್ನು ಬಿಡಿಸಿ ನೋಡಿರೆಂದರು. ಅವರನ್ನು ಹೊಲಗದ್ದೆಗಳಿಗೂ ಜೌಗುನೆಲಗಳಿಗೂ ಕರೆದೊಯ್ದರು. ಪಟ್ಟಣದ ನಡುವೆ ಇಕ್ಕಟ್ಟಾಗಿದ್ದ ಹಳೆಯ ಸಸ್ಯೋದ್ಯಾನವು ಸಾಲದೆಂದು ವಾದಿಸಿ, 1831ರಲ್ಲಿ ವಿಶ್ವವಿದ್ಯಾಲಯವು 40 ಎಕರೆ ಹೊಸ ನೆಲವನ್ನು ಕೊಳ್ಳುವಂತೆ ಮಾಡಿದರು. ಆ ಉದ್ಯಾನವು 1846ರಲ್ಲಿ ತೆರೆಯಿತು. ಇಂದಿಗೂ ಅಲ್ಲಿಯೇ ಇದೆ.

ಆದರೆ ಅವರ ಹೆಸರನ್ನು ಲೋಕವು ನೆನೆಯುವುದು ಬೇರೊಂದು ಕಾರಣಕ್ಕಾಗಿ. 1829ರಿಂದ 1831ರವರೆಗೆ ಮೂರು ವರ್ಷಗಳ ಕಾಲ ಅವರ ಪಾಠಕ್ಕೆ ತಪ್ಪದೆ ಬಂದು ಕುಳಿತ ಶಿಷ್ಯನೊಬ್ಬನಿದ್ದನು. ಪರೀಕ್ಷೆಗೆ ಬೇಕಾದ ಓದಿನಲ್ಲಿ ಅವನಿಗೆ ಅಂಥ ಆಸಕ್ತಿಯಿರಲಿಲ್ಲ. ಸಂಜೆಯ ಹೊತ್ತು ಗುರುವಿನೊಡನೆ ದೂರದವರೆಗೆ ನಡೆದುಹೋಗುವುದೇ ಅವನಿಗೆ ಹಬ್ಬ. ಕೇಂಬ್ರಿಜ್‌ನ ಇತರ ಅಧ್ಯಾಪಕರು ಅವನನ್ನು ‘ಹೆನ್ಸ್‌ಲೋ ಜೊತೆಗೆ ನಡೆಯುವವ’ ಎಂದೇ ಗುರುತಿಸುತ್ತಿದ್ದರು. ಆ ತರುಣನೇ ಚಾರ್ಲ್ಸ್ ಡಾರ್ವಿನ್.

1831ರಲ್ಲಿ ‘ಬೀಗಲ್’ ಎಂಬ ಹಡಗು ದಕ್ಷಿಣ ಅಮೆರಿಕದ ಕಡೆಗೆ ಹೊರಡುವುದರಲ್ಲಿತ್ತು. ಅದರ ಕಪ್ತಾನನಿಗೆ ಪ್ರಕೃತಿಶಾಸ್ತ್ರ ಬಲ್ಲ ಸಂಗಾತಿಯೊಬ್ಬ ಬೇಕಾಗಿದ್ದನು. ಯೋಗ್ಯರನ್ನು ಹೆಸರಿಸಬೇಕೆಂಬ ಕೋರಿಕೆ ಹೆನ್ಸ್‌ಲೋ ಅವರಿಗೆ ಬಂದಿತು. ಬಾಲ್ಯದ ಹಂಬಲ ಮತ್ತೆ ಚಿಗುರಿತು. ತಾವೇ ಹೋಗಬೇಕೆಂದು ಅವರಿಗೆ ಆಸೆಯಾಯಿತು. ಪತ್ನಿ ಹೋಗಬೇಡವೆನ್ನಲಿಲ್ಲ. ಆದರೆ ಆಕೆಯ ಬಾಡಿದ ಮುಖವನ್ನು ಕಂಡು ಅವರೇ ಆಸೆಯನ್ನು ಕೈಬಿಟ್ಟರು. ಅವರ ಭಾವಮೈದುನ ಲಿಯೊನಾರ್ಡ್ ಜೆನಿನ್ಸ್ ಅವರು ಚರ್ಚಿನ ಹೊಣೆಯನ್ನು ಬಿಟ್ಟುಬರಲಾರೆನೆಂದರು. ಆಗ ಹೆನ್ಸ್‌ಲೋ ಅವರು ಆಗಸ್ಟ್ 24ರಂದು ಡಾರ್ವಿನ್ನನಿಗೆ ಓಲೆ ಬರೆದರು. ಶಿಷ್ಯನು ಪಳಗಿದ ಪಂಡಿತನೆಂದು ಅದರಲ್ಲಿ ಹೊಗಳಲಿಲ್ಲ. ಸಂಗ್ರಹಿಸುವುದಕ್ಕೆ, ಕಣ್ಣಿಟ್ಟು ನೋಡುವುದಕ್ಕೆ, ಗುರುತುಹಾಕುವುದಕ್ಕೆ ತಕ್ಕವನೆಂದರು. ಅಷ್ಟೇ ಮಾತು, ಅಷ್ಟೇ ಸತ್ಯ. ತನಗೆ ದಕ್ಕದ ಪಯಣವನ್ನು ಶಿಷ್ಯನಿಗೆ ದಕ್ಕಿಸಿಕೊಟ್ಟು ಮನಸಾರೆ ಹರಸಿದ ಗುರು ಅವರು.

ಮುಂದಿನ ಐದು ವರ್ಷ ಡಾರ್ವಿನ್ನನು ತಾನು ಕೂಡಿಸಿದ ಕಲ್ಲು, ಎಲುಬು, ಗಿಡ, ಪಕ್ಷಿಗಳ ಪೆಟ್ಟಿಗೆಗಳನ್ನು ಗುರುವಿನ ವಿಳಾಸಕ್ಕೆ ಕಳುಹಿಸಿದನು. ಹೆನ್ಸ್‌ಲೋ ಅವರು ಅವನ್ನು ಬಿಚ್ಚಿ ಜೋಪಾನಮಾಡಿದರು. ಜೊತೆಗೆ ಬಂದ ಓಲೆಗಳನ್ನು ಓದಿ ಎಸೆಯಲಿಲ್ಲ. 1835ರಲ್ಲಿ ಅವುಗಳ ಸಾರಭಾಗವನ್ನು 31 ಪುಟಗಳ ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿ ಸೊಸೈಟಿಯ ಸದಸ್ಯರಿಗೆ ಹಂಚಿದರು. ಸಮುದ್ರದ ಮೇಲಿದ್ದ ಡಾರ್ವಿನ್ನನಿಗೆ ಇದು ತಿಳಿಯದು. ತಿಳಿದಾಗ, ಆತುರದಲ್ಲಿ ಗೀಚಿದ ಸಾಲುಗಳು ಅಚ್ಚಾದವಲ್ಲಾ ಎಂದು ಅಳುಕಿದನು. ಆದರೆ 1836ರ ಅಕ್ಟೋಬರಿನಲ್ಲಿ ಅವನು ಹಡಗಿನಿಂದಿಳಿದಾಗ ವಿದ್ವಾಂಸರಿಗೆ ಅವನು ಅಪರಿಚಿತನಾಗಿರಲಿಲ್ಲ. ಪ್ರಯಾಣಕಾಲದ ಆ ಓಲೆಗಳು ಈಗ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಭಂಡಾರದಲ್ಲಿವೆ. ಗುರುಶಿಷ್ಯರ ಪತ್ರವ್ಯವಹಾರವನ್ನು ಡಾರ್ವಿನ್ನನ ಮೊಮ್ಮಗಳಾದ ನೋರಾ ಬಾರ್ಲೋ ಅವರು 1967ರಲ್ಲಿ ಸಂಪಾದಿಸಿ ಪ್ರಕಟಿಸಿದರು.

ಓಲೆಗಳಿಗಿಂತ ಹೆಚ್ಚು ಮಾತನಾಡುವವು ಹೆನ್ಸ್‌ಲೋ ಅವರ ಒಣಗಿಡಗಳ ಹಾಳೆಗಳು. ಗಿಡವನ್ನು ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ, ಹೆಸರು ಬರೆದಿಡುವುದು ಸಸ್ಯಶಾಸ್ತ್ರಜ್ಞರ ವಾಡಿಕೆ; ಈ ಸಂಗ್ರಹಕ್ಕೆ ಹರ್ಬೇರಿಯಂ ಎಂದು ಹೆಸರು. ಒಂದು ಹಾಳೆಗೆ ಒಂದು ಒಳ್ಳೆಯ ಮಾದರಿ ಸಾಕೆಂಬುದು ಸಾಮಾನ್ಯರ ಕ್ರಮ. ಹೆನ್ಸ್‌ಲೋ ಅವರು ಹಾಗೆ ಮಾಡಲಿಲ್ಲ. ಒಂದೇ ಜಾತಿಯ ಹಲವು ಗಿಡಗಳನ್ನು ಬೇರೆಬೇರೆ ಎಡೆಗಳಿಂದ ತರಿಸಿ, ಗಿಡ್ಡದ್ದರಿಂದ ಎತ್ತರದ್ದಕ್ಕೆ ಸಾಲಾಗಿ ಒಂದೇ ಹಾಳೆಯ ಮೇಲೆ ಜೋಡಿಸಿದರು. ಎಲ್ಲಿ ಸಿಕ್ಕಿತು, ಯಾವ ದಿನ, ಯಾರು ತಂದರು ಎಂಬುದನ್ನು ಬರೆದಿಟ್ಟರು. ಅವರನ್ನು ಕಾಡುತ್ತಿದ್ದ ಪ್ರಶ್ನೆ ಇದು: ಒಂದು ಜಾತಿಯೊಳಗೆ ಎಷ್ಟು ವ್ಯತ್ಯಾಸ ಸಹಜ? ಒಂದು ಜಾತಿ ಮುಗಿದು ಇನ್ನೊಂದು ಮೊದಲಾಗುವ ಗಡಿ ಎಲ್ಲಿದೆ?

ಇಂಥ ಮೂರೂವರೆ ಸಾವಿರಕ್ಕೂ ಮೀರಿದ ಹಾಳೆಗಳು ಕೇಂಬ್ರಿಜ್‌ನ ಸಂಗ್ರಹದಲ್ಲಿ ಉಳಿದಿವೆ. ಅವುಗಳ ಮೇಲಿರುವ ಗಿಡಗಳು ಸುಮಾರು ಹತ್ತು ಸಾವಿರ. ಬಹುಕಾಲ ಅವುಗಳ ಮಹತ್ವವನ್ನು ಯಾರೂ ಪೂರ್ತಿಯಾಗಿ ಅರಿತಿರಲಿಲ್ಲ. ಸಂಶೋಧಕರು ಒಂದೊಂದೇ ಹಾಳೆಯನ್ನು ಪರಿಶೀಲಿಸಿ 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದಾಗ, ಡಾರ್ವಿನ್ನನು ವ್ಯತ್ಯಾಸಗಳನ್ನು ನೋಡುವ ಕಣ್ಣನ್ನು ಪಡೆದದ್ದು ಎಲ್ಲಿಂದ ಎಂಬುದು ಸ್ಪಷ್ಟವಾಯಿತು. ಗಲಪಗಾಸ್ ದ್ವೀಪಗಳ ಪಕ್ಷಿಗಳನ್ನು ಅವನು ಯಾವುದು ಯಾವ ದ್ವೀಪದ್ದೆಂದು ಸರಿಯಾಗಿ ಗುರುತಿಸಿಡದೆ ಮುಂದೆ ತೊಡಕಿಗೆ ಸಿಲುಕಿದನು. ಗಿಡಗಳನ್ನು ಮಾತ್ರ ದ್ವೀಪವಾರು ಬಹುಮಟ್ಟಿಗೆ ಎಚ್ಚರದಿಂದ ಗುರುತಿಸಿಟ್ಟನು. ಗಿಡದ ವಿಷಯದಲ್ಲಿ ಅವನಿಗೆ ಗುರುವಿದ್ದನು!

ಹೆನ್ಸ್‌ಲೋ ಅವರಾದರೋ ಜಾತಿಗಳು ಸೃಷ್ಟಿಕರ್ತನು ನಿಯಮಿಸಿದ ಎಲ್ಲೆಯನ್ನು ದಾಟವೆಂದು ನಂಬಿದವರು. ಅದೇ ಹಾಳೆಗಳಿಂದ ಪಾಠ ಕಲಿತ ಶಿಷ್ಯನು ಜಾತಿಗಳು ಬದಲಾಗುತ್ತವೆ ಎಂದನು. ಗುರು ಅದನ್ನು ಪೂರ್ಣವಾಗಿ ಒಪ್ಪಲಿಲ್ಲ. ಆದರೆ 1860ರಲ್ಲಿ ಕೇಂಬ್ರಿಜ್‌ನ ಸಭೆಯಲ್ಲಿ ಸೆಜ್‌ವಿಕ್ ಅವರು ಡಾರ್ವಿನ್ನನ ಮೇಲೆ ಹರಿಹಾಯ್ದಾಗ, ಅವನ ಪ್ರಾಮಾಣಿಕತೆಯ ಪರವಾಗಿ ಎದ್ದುನಿಂತರು. ಅದೇ ವರ್ಷ ಆಕ್ಸ್‌ಫರ್ಡಿನಲ್ಲಿ ನಡೆದ ಪ್ರಸಿದ್ಧ ವಾದಸಭೆಯ ಅಧ್ಯಕ್ಷರೂ ಅವರೇ. ಮರು ವರ್ಷ ದಿವಂಗತರಾದರು. ಶಿಷ್ಯನ ಮಾತನ್ನು ಒಪ್ಪದೆಯೂ ಶಿಷ್ಯನನ್ನು ಬಿಟ್ಟುಕೊಡದಿರುವುದು ಸಾಮಾನ್ಯರಿಗೆ ಸಾಧ್ಯವಲ್ಲ.

ಹೆನ್ಸ್‌ಲೋ ಅವರ ಮೇಲೆ ಆಕ್ಷೇಪಣೆಗಳಿಲ್ಲದಿಲ್ಲ. ಗಲಪಗಾಸಿನ ಗಿಡಗಳನ್ನು ಹೆಸರಿಸುವ ಕಾರ್ಯವನ್ನು ವರ್ಷಗಟ್ಟಲೆ ಮುಗಿಸದೆ ಉಳಿಸಿಕೊಂಡರು. ಕೊನೆಗೆ ಆ ಕೆಲಸ ಜೋಸೆಫ್ ಹೂಕರ್ ಅವರ ಪಾಲಿಗೆ ಬಂದಿತು. ಇದು ದೋಷವೇ ಸರಿ, ಮರೆಮಾಚಬೇಕಾಗಿಲ್ಲ. ಇನ್ನೊಂದು ಆಕ್ಷೇಪಣೆಯೆಂದರೆ, 1839ರಲ್ಲಿ ಅವರು ಸಫೊಕ್ ಪ್ರಾಂತದ ಹಿಚಮ್ ಎಂಬ ಹಳ್ಳಿಗೆ ಪಾದ್ರಿಯಾಗಿ ಹೋಗಿ ನೆಲೆಸಿ, ಪ್ರತಿಭೆಯನ್ನು ಹಳ್ಳಿಯಲ್ಲಿ ಹೂಳಿದರೆಂಬುದು. ಇದನ್ನು ಒಪ್ಪಲಾಗದು. ಪ್ರಾಧ್ಯಾಪಕ ಪದವಿಯನ್ನು ಬಿಡದೆ ವರ್ಷವರ್ಷವೂ ಕೇಂಬ್ರಿಜ್‌ಗೆ ಬಂದು ಪಾಠ ಹೇಳಿದರು. ಹಳ್ಳಿಯಲ್ಲಿ ಶಾಲೆಯನ್ನು ನೆಲೆಗೊಳಿಸಿ, ಕೂಲಿಕಾರರ ಮಕ್ಕಳಿಗೆ ಸೋಮವಾರಗಳಂದು ಸಸ್ಯಶಾಸ್ತ್ರ ಕಲಿಸಿದರು. ಕಠಿಣವಾದ ಪಾರಿಭಾಷಿಕ ಪದಗಳನ್ನು ತಪ್ಪಿಲ್ಲದೆ ಬರೆಯಬಲ್ಲ ಮಗುವಿಗೆ ಮಾತ್ರ ಆ ತರಗತಿಗೆ ಪ್ರವೇಶ. ಬಡವರ ಮಕ್ಕಳೆಂದು ವಿದ್ಯೆಯನ್ನು ಸಡಿಲಗೊಳಿಸಲಿಲ್ಲ. ಊರಿನ ರೈತರಿಗೆ ಗೊಬ್ಬರದ ವಿಚಾರ ತಿಳಿಸಿದರು. ರೋಗತಗುಲಿದ ಆಲೂಗೆಡ್ಡೆಯಿಂದ ಪಿಷ್ಟ ತೆಗೆಯುವ ಬಗೆಯನ್ನು ತೋರಿಸಿದರು. ಕೇಂಬ್ರಿಜ್‌ನಲ್ಲಿ ಒಬ್ಬ ಡಾರ್ವಿನ್ನನಿಗೆ ಕೊಟ್ಟದ್ದನ್ನೇ ಹಿಚಮ್‌ನಲ್ಲಿ ಹೆಸರಿಲ್ಲದ ನೂರಾರು ಮಕ್ಕಳಿಗೂ ಕೊಟ್ಟರು. ಶರಣರ ನಾಡಿನವರಿಗೆ ಇದನ್ನು ಜ್ಞಾನದಾಸೋಹವೆನ್ನಲು ಅಡ್ಡಿಯಿಲ್ಲ.

ಈ ಚರಿತ್ರೆಯು ಮಠಮಾನ್ಯಗಳ ಆಶ್ರಯದಲ್ಲಿರುವ ವಿದ್ಯಾಸಂಸ್ಥೆಗಳಿಗೆ ಹೇಳುವ ಮಾತೊಂದುಂಟು. ಕಟ್ಟಡ ಕಟ್ಟಿಸಿದ ದಾನಿಗಳ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ, ಅದು ಉಚಿತವೇ. ಆದರೆ ಮೂವತ್ತು ವರ್ಷ ಪಾಠ ಹೇಳಿದ ಅಧ್ಯಾಪಕನ ಟಿಪ್ಪಣಿ ಪುಸ್ತಕ, ವಿದ್ಯಾರ್ಥಿಗಳು ಕೂಡಿಸಿದ ಎಲೆಹೂಗಳ ಸಂಗ್ರಹ, ಹಳೆಯ ಹಾಜರಿಪಟ್ಟಿ, ದೂರದೂರಿನಿಂದ ಶಿಷ್ಯರು ಬರೆದ ಪತ್ರ, ಇವೆಲ್ಲ ನಿವೃತ್ತಿಯ ಮರುದಿನ ರದ್ದಿಯ ತಕ್ಕಡಿ ಏರುತ್ತವೆ. ಎಲ್ಲವನ್ನೂ ಉಳಿಸಲು ಸ್ಥಳವೆಲ್ಲಿ, ಹಣವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಯಾವುದು ಕಸ, ಯಾವುದು ಕಸವರ ಎಂಬುದನ್ನು ಆಯಾ ಕಾಲದವರೇ ನಿರ್ಣಯಿಸಲಾರರು. ಹೆನ್ಸ್‌ಲೋ ಅವರ ಹಾಳೆಗಳನ್ನು ಒಣಹುಲ್ಲೆಂದು ಯಾರಾದರೂ ಒಲೆಗೆ ಹಾಕಿದ್ದರೆ 2005ರಲ್ಲಿ ಓದಲು ಏನಿರುತ್ತಿತ್ತು? ವಚನ ವಾಙ್ಮಯದ ಬಹುಭಾಗ ಇಂದು ಕೈಗೆ ದೊರೆಯುವುದೂ ಮನೆಮನೆಯ ತಾಡವೋಲೆಗಳನ್ನು ಅರಸಿ ತಂದ ಫ. ಗು. ಹಳಕಟ್ಟಿಯವರಂಥವರ ಶ್ರಮದಿಂದ ಎಂಬುದನ್ನು ಮರೆಯಲಾಗದು.

ಬೇಕಾದುದು ಭಾರಿ ಧನವಲ್ಲ. ತೇವವಿಲ್ಲದ ಒಂದು ಕೋಣೆ, ಗೆದ್ದಲು ಹತ್ತದ ಎರಡು ಕಪಾಟು, ಶ್ರದ್ಧೆಯುಳ್ಳ ಒಬ್ಬ ಅಧ್ಯಾಪಕ ಸಾಕು. ದಾನಿಗಳು ಕಪಾಟನ್ನು ಕೊಡಲಿ. ಹಳೆಯ ವಿದ್ಯಾರ್ಥಿಗಳು ತಮ್ಮಲ್ಲಿರುವ ಗುರುಗಳ ಪತ್ರಗಳನ್ನೂ ಭಾವಚಿತ್ರಗಳನ್ನೂ ಕೊಡಲಿ. ಒಂದೇ ನಿಯಮ: ಪ್ರತಿಯೊಂದರ ಹಿಂದೆಯೂ ಯಾರದು, ಎಲ್ಲಿಯದು, ಯಾವ ದಿನದ್ದು ಎಂದು ಬರೆದಿರಬೇಕು. ಹೆಸರಿಲ್ಲದ ಭಾವಚಿತ್ರವೂ ನೆಲೆ ಬರೆಯದ ಒಣಗಿಡವೂ ಮೂಗರಂತೆ. ಆ ಬರವಣಿಗೆಯೂ ಒಂದು ಕಾಯಕವೇ.

ಯಾವ ಶಿಷ್ಯನು ಮುಂದೆ ಏನಾಗುವನೆಂದು ಬಲ್ಲ ಗುರುವಿಲ್ಲ. ಹೆನ್ಸ್‌ಲೋ ಅವರೂ ಬಲ್ಲವರಲ್ಲ. ಬಂದ ಓಲೆಯನ್ನು ಅವರು ಜೋಪಾನವಾಗಿ ಕಟ್ಟಿಟ್ಟರು, ಅಷ್ಟೇ. ಆ ಕಟ್ಟುವ ಬುದ್ಧಿ ಈ ವಿದ್ಯಾಲಯದಲ್ಲಿಯೂ ನೆಲೆಸಲಿ.