ಸಂತನ ಮಗ ಮೊದಲು ಬೇರೆ ಯಾರೋ ಆಗಿದ್ದ

1982ರಲ್ಲಿ ಕೊರಾಕ್ ಎಂಬ ಹೆಸರಿನ ಹುಡುಗನೊಬ್ಬ ಮೆಕ್ಸಿಕೊದ ವೃತ್ತಿಪರ ಕುಸ್ತಿಗೆ ಇಳಿದ. ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ, ಮೈಕಟ್ಟು ಸಣ್ಣದು, ಹೆಸರಿನ ಹಿಂದೆ ಮುಂದೆ ಬಿರುದಿಲ್ಲ. ಕೆಲವು ತಿಂಗಳಾದ ಮೇಲೆ ಕೊರಾಕ್ ಕಾಣೆಯಾದ. ಅದೇ ವರ್ಷ ಅಕ್ಟೋಬರ್ ಹೊತ್ತಿಗೆ ಅದೇ ಹುಡುಗ ಬೆಳ್ಳಿ ಬಣ್ಣದ ಮುಖವಾಡ ತೊಟ್ಟು, ಬೆಳ್ಳಿ ಮೇಲುವಸ್ತ್ರ ಹೊದ್ದು ಮತ್ತೆ ರಿಂಗಿಗೆ ಬಂದ. ಈ ಸಲ ಅವನ ಹೆಸರು ಎಲ್ ಇಹೊ ದೆಲ್ ಸಾಂತೊ. ಎಂದರೆ, ಸಂತನ ಮಗ.

ಕುಸ್ತಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇವನ ವೃತ್ತಿಜೀವನವನ್ನು ಬೆಳ್ಳಿ ಮುಖವಾಡದಿಂದ ಶುರು ಮಾಡುತ್ತಾರೆ. ಕೊರಾಕ್ ಒಂದು ಸಾಲಿನಲ್ಲಿ ಮುಗಿದುಹೋಗುತ್ತಾನೆ. ಆದರೆ ಈ ಮಗ ಅಪ್ಪನ ಹೆಸರಿಗೆ ಯೋಗ್ಯನಾದದ್ದು ಆ ಒಂದು ಸಾಲಿನಲ್ಲೇ. ತಂದೆ ಕಟ್ಟಿದ ಹೆಸರನ್ನು ಹೊರುವ ಯಾವ ಮಕ್ಕಳ ಬಗ್ಗೆಯಾದರೂ ಕೇಳಬೇಕಾದ ಪ್ರಶ್ನೆ ಅಲ್ಲಿದೆ: ಆ ಹೆಸರಿಲ್ಲದೆ ಒಂದು ದಿನವಾದರೂ ಅಖಾಡಕ್ಕೆ ಇಳಿದಿದ್ದರೆ?

ಹೆಸರಿನಿಂದಲೇ ಆರಂಭಿಸಬಹುದು. ಸ್ಪ್ಯಾನಿಶ್‌ನ 'ಸಾಂತೊ' ಮತ್ತು ಕನ್ನಡದ 'ಸಂತ' ಕಿವಿಗೆ ಅಣ್ಣತಮ್ಮಂದಿರಂತೆ ಕೇಳಿಸುತ್ತವೆ, ಅರ್ಥವೂ ಹತ್ತಿರದ್ದೇ. ಆದರೆ ಎರಡರ ಬೇರು ಬೇರೆ. ಒಂದು ಲ್ಯಾಟಿನ್ನಿನ 'ಸಾಂಕ್ಟುಸ್'ನಿಂದ ಬಂದದ್ದು, ಇನ್ನೊಂದು ಸಂಸ್ಕೃತದ 'ಸತ್'ನಿಂದ. ಹೋಲಿಕೆ ಬರೀ ಆಕಸ್ಮಿಕ. ಮುಖ ಹೋಲಿದ ಮಾತ್ರಕ್ಕೆ ವಂಶ ಒಂದೇ ಅಲ್ಲ ಎಂಬುದು ಭಾಷೆಯ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಕಲಿಯುವ ಪಾಠ. ಮುಖವಾಡಗಳ ಲೋಕಕ್ಕೂ ಅದು ಸಲ್ಲುತ್ತದೆ.

'ಸಂತನ ಮಗ' ಎಂಬ ಹೆಸರಿನ ವಿಚಿತ್ರ ಇನ್ನೊಂದಿದೆ. ಹಳೆಯ ಕನ್ನಡ ವೀರಗಲ್ಲುಗಳಲ್ಲಿ ಇಂಥವನ ಮಗ ಇಂಥವ ಎಂದು ಬರುತ್ತದೆ. ತಂದೆಯ ಹೆಸರು ಮುಂದೆ, ಹೋರಾಡಿ ಸತ್ತವನ ಹೆಸರು ಹಿಂದೆ. ಕಲ್ಲು ನಿಲ್ಲಿಸಿದ್ದು ಆ ಎರಡನೆಯವನಿಗಾಗಿ. ಎಲ್ ಇಹೊ ದೆಲ್ ಸಾಂತೊ ಎಂಬಲ್ಲಿ ಆ ಎರಡನೆಯ ಭಾಗವೇ ಇಲ್ಲ. 'ಮಗ' ಎಂಬಲ್ಲಿಗೆ ಹೆಸರು ಮುಗಿಯಿತು. ಅದರಲ್ಲಿರುವುದು ಒಂದು ಸಂಬಂಧ ಮಾತ್ರ. ಅದನ್ನು ಹೊತ್ತವನು ಯಾರು ಎಂಬುದನ್ನು ಅವನೇ ತುಂಬಿಸಿಕೊಳ್ಳಬೇಕು.

ಅಪ್ಪನಿಗೆ ಈ ಕಷ್ಟ ಗೊತ್ತಿತ್ತು. 'ಸಾಂತೊ' ಎಂಬುದು ಅವನಿಗೂ ಹುಟ್ಟುತ್ತಲೇ ಬಂದ ಹೆಸರಲ್ಲ. 1917ರಲ್ಲಿ ಹಿಡಾಲ್ಗೊ ರಾಜ್ಯದ ತುಲಾನ್ಸಿಂಗೊದಲ್ಲಿ ಹುಟ್ಟಿದ ರೊದೊಲ್ಫೊ ಗುಸ್ಮಾನ್ ವೆರ್ತಾ ಕುಸ್ತಿಯ ಮನೆಯವನು. ಬ್ಲ್ಯಾಕ್ ಗುಸ್ಮಾನ್ ಎಂದು ಹೆಸರಾದವನೂ ಸೇರಿ ಅವನ ಸೋದರರೂ ಕುಸ್ತಿಗಿಳಿದವರೇ. ರೊದೊಲ್ಫೊ ಮೊದಮೊದಲು ರೂಡಿ ಗುಸ್ಮಾನ್ ಆಗಿದ್ದ, ಆಮೇಲೆ 'ಕೆಂಪು ಮನುಷ್ಯ', ಆಮೇಲೆ 'ಕಪ್ಪು ರಾಕ್ಷಸ'. ಯಾವುದೂ ನಿಲ್ಲಲಿಲ್ಲ. ಆಗ ಮುರ್ಸಿಯೆಲಾಗೊ, ಅಂದರೆ ಬಾವಲಿ, ಎಂಬ ಹೆಸರಿನಲ್ಲಿ ವೆಲಾಸ್ಕೆಸ್ ಎಂಬ ಜನಪ್ರಿಯ ಕುಸ್ತಿಪಟು ಇದ್ದ. ರೊದೊಲ್ಫೊ ಅವನ ಹೆಸರಿನ ಬಾಲ ಹಿಡಿದು 'ಎರಡನೆಯ ಬಾವಲಿ' ಎಂದು ಕರೆದುಕೊಂಡ. ಮೊದಲನೆಯ ಬಾವಲಿ ಕುಸ್ತಿ ಆಯೋಗಕ್ಕೆ ದೂರು ಕೊಟ್ಟ. ಆಯೋಗ ಅವನ ಪರ ನಿಂತು ಆ ಹೆಸರನ್ನು ಕಿತ್ತುಹಾಕಿತು.

ಅದಾದ ಮೇಲೆ, 1942ರಲ್ಲಿ, ವ್ಯವಸ್ಥಾಪಕ ಹೆಸುಸ್ ಲೊಮೆಲಿ ಬೆಳ್ಳಿ ಬಣ್ಣದ ಉಡುಪಿನ ತಂಡವೊಂದನ್ನು ಕಟ್ಟುತ್ತಾ ಮೂರು ಹೆಸರು ಮುಂದಿಟ್ಟ: ಸಂತ, ಸೈತಾನ, ದೇವದೂತ. ರೊದೊಲ್ಫೊ ಮೊದಲನೆಯದನ್ನು ಆರಿಸಿಕೊಂಡ. ಅದೇ ಜುಲೈ 26ರಂದು ಮೆಕ್ಸಿಕೊ ನಗರದಲ್ಲಿ 'ಎಲ್ ಸಾಂತೊ' ಆಗಿ ರಿಂಗಿಗೆ ಬಂದ. ಹೆಸರು ಸಂತನದಾದರೂ ಆಟ ಖಳನದು. ಲೂಚಾ ಲಿಬ್ರೆಯಲ್ಲಿ ನಿಯಮ ಪಾಲಿಸುವವರನ್ನು 'ಟೆಕ್ನಿಕೊ' ಎಂದೂ ಮುರಿಯುವವರನ್ನು 'ರೂಡೊ' ಎಂದೂ ಕರೆಯುತ್ತಾರೆ. ಸಾಂತೊ ಬಹುಕಾಲ ರೂಡೊ ಆಗಿಯೇ ಇದ್ದ. 1952ರಲ್ಲಿ ಹೊಸೆ ಕ್ರೂಸ್ ಅವನನ್ನು ನಾಯಕನನ್ನಾಗಿಸಿ ಕಾಮಿಕ್ಸ್ ಪತ್ರಿಕೆ ಶುರು ಮಾಡಿದ. ಆಮೇಲೆ ಐವತ್ತಕ್ಕೂ ಹೆಚ್ಚು ಸಿನಿಮಾ ಬಂದವು. ರಕ್ತಪಿಶಾಚಿಗಳನ್ನೂ ಹುಚ್ಚು ವಿಜ್ಞಾನಿಗಳನ್ನೂ ಸದೆಬಡಿಯುವ ಬೆಳ್ಳಿ ಮುಖದ ವೀರನನ್ನು ಮೆಕ್ಸಿಕೊದ ಮಕ್ಕಳು ತಮ್ಮ ಮನೆಯವನೆಂದುಕೊಂಡರು. ಎರವಲು ಹೆಸರಿನಲ್ಲಿ ಅವಮಾನ ಉಂಡವನು ತನ್ನ ಹೆಸರನ್ನು ಕಟ್ಟಲು ನಲವತ್ತು ವರ್ಷ ದುಡಿದ.

ಅಂಥವನ ಹತ್ತು ಮಕ್ಕಳಲ್ಲಿ ಕಿರಿಯವನು ತಾನೂ ಕುಸ್ತಿಪಟು ಆಗುತ್ತೇನೆಂದಾಗ ಅಪ್ಪ ಮುಖವಾಡ ತೆಗೆದು ಕೈಗಿಡಲಿಲ್ಲ. ಮೊದಲು ಓದು ಎಂದ. ಹುಡುಗ ಮುಂದೆ ಸಂವಹನ ವಿಷಯದಲ್ಲಿ ಪದವಿಯನ್ನೂ ಪಡೆದ. ಕುಸ್ತಿಗೆ ಬಂದಾಗ ಬಂದದ್ದು ಕೊರಾಕ್ ಆಗಿ. ಆ ದಿನಗಳಲ್ಲೇ ತೆಗೆದ ಸಿನಿಮಾವೊಂದರಲ್ಲಿ ಅಪ್ಪ ಮಗನಿಗೆ ಬೆಳ್ಳಿ ಮುಖವಾಡ ಒಪ್ಪಿಸುವ ದೃಶ್ಯವಿದೆ. ತೆರೆಯ ಮೇಲೆ ಅದು ಒಂದು ಗಳಿಗೆಯ ಕೆಲಸ. ರಿಂಗಿನಲ್ಲಿ ಹಾಗೆ ನಡೆಯುವುದಿಲ್ಲ. ಅಲ್ಲಿ ಬೀಳುವುದನ್ನು ಮೊದಲು ಕಲಿಯಬೇಕು. ಮೂರನೆಯ ಹಗ್ಗದಿಂದ ಹಾರಿದವನನ್ನು ಎದುರಾಳಿ ಸರಿಯಾಗಿ ಹಿಡಿಯದಿದ್ದರೆ ಕುತ್ತಿಗೆ ಮುರಿಯುತ್ತದೆ. ಬೀಳುವವನ ಅಪ್ಪನ ಹೆಸರೇನು ಎಂದು ನೆಲ ವಿಚಾರಿಸುವುದಿಲ್ಲ.

ಇಲ್ಲೊಂದು ಆಕ್ಷೇಪ ಏಳಬಹುದು. ಲೂಚಾ ಲಿಬ್ರೆ ಕರ್ನಾಟಕದ ಗರಡಿಮನೆಯ ಮಣ್ಣಿನ ಕುಸ್ತಿಯಂತಲ್ಲ. ಗೆಲ್ಲುವವರು ಯಾರೆಂದು ಮೊದಲೇ ತೀರ್ಮಾನವಾಗಿರುತ್ತದೆ. ಹಾಗಿದ್ದಮೇಲೆ ಯೋಗ್ಯತೆಯ ಮಾತೆಲ್ಲಿ ಬಂತು? ಇದಕ್ಕೆ ಉತ್ತರ ಯಕ್ಷಗಾನ ನೋಡಿ ಬೆಳೆದವರಿಗೆ ಗೊತ್ತಿದೆ. ಕೀಚಕ ಸಾಯುತ್ತಾನೆಂಬುದು ಚೌಕಿಯಿಂದ ಹಿಡಿದು ಕೊನೆಯ ಸಾಲಿನಲ್ಲಿ ಚಾಪೆ ಹಾಸಿಕೊಂಡವರವರೆಗೆ ಎಲ್ಲರಿಗೂ ತಿಳಿದದ್ದೇ. ಆದರೂ ವೇಷ ಕಟ್ಟಿದವನ ಕುಣಿತ ಸೋತರೆ ಜನ ಎದ್ದು ಹೋಗುತ್ತಾರೆ. ಗೆಲುವನ್ನು ಸಂಘಟಕ ಕೊಡಬಹುದು; ಜನರ ಒಪ್ಪಿಗೆಯನ್ನು ಕೊಡಲಾರ. ಸಂತನ ಮಗನಿಗೆ ಬೇಕಾಗಿದ್ದದ್ದು ಎರಡನೆಯದು.

ಅದು ಎಷ್ಟು ಭಾರದ್ದೆಂದು ತಿಳಿಯಲು ಮುಖವಾಡದ ಕಟ್ಟಳೆ ತಿಳಿಯಬೇಕು. 1930ರ ದಶಕದಲ್ಲಿ ಮೆಕ್ಸಿಕೊದ ಕುಸ್ತಿಗೆ ಮೊದಲ ಮುಖವಾಡ ಹೊಲಿದುಕೊಟ್ಟವನು ಬೂಟು ಹೊಲಿಯುವ ಅಂತೋನಿಯೊ ಮಾರ್ತಿನೆಸ್. ಇವತ್ತಿಗೂ ಮುಖವಾಡದ ಹಿಂಭಾಗವನ್ನು ಬೂಟಿನ ಹಾಗೆ ದಾರ ಹೆಣೆದು ಬಿಗಿಯುತ್ತಾರೆ. ಕುಸ್ತಿಪಟು ಅದನ್ನು ಜನರೆದುರು ತೆಗೆಯುವಂತಿಲ್ಲ. ಪಣದ ಪಂದ್ಯವೆಂಬುದೊಂದಿದೆ, ಅದರಲ್ಲಿ ಮುಖವಾಡ ಪಣಕ್ಕಿಟ್ಟು ಸೋತವನು ಅಲ್ಲೇ ದಾರ ಬಿಚ್ಚಿ, ಮುಖ ತೋರಿಸಿ, ನಿಜವಾದ ಹೆಸರನ್ನೂ ಊರನ್ನೂ ಹೇಳಬೇಕು. ಆಮೇಲೆ ಆ ಮುಖವಾಡ ಮತ್ತೆ ಅವನದಾಗುವುದಿಲ್ಲ. ಮುಖವಾಡ ಇಲ್ಲದವನು ಪಣಕ್ಕಿಡುವುದು ತಲೆಗೂದಲು.

1982ರ ಸೆಪ್ಟೆಂಬರ್ 12ರಂದು ಸಾಂತೊ ನಿವೃತ್ತನಾದಾಗ ಅವನಿಗೆ ಅರವತ್ತೈದು ತುಂಬುವುದಕ್ಕೆ ಕೆಲವೇ ದಿನ ಬಾಕಿ. ಅಷ್ಟೂ ವರ್ಷ ಅವನು ಮುಖವಾಡ ಕಳೆದುಕೊಂಡಿರಲಿಲ್ಲ. 1984ರಲ್ಲಿ ದೂರದರ್ಶನದ ಕಾರ್ಯಕ್ರಮವೊಂದರಲ್ಲಿ ಇದ್ದಕ್ಕಿದ್ದಂತೆ ತಾನೇ ಅದನ್ನು ಅರ್ಧ ಸರಿಸಿ ಮುಖ ತೋರಿಸಿದ. ಅದಾಗಿ ಹೆಚ್ಚು ದಿನ ಕಳೆಯಲಿಲ್ಲ, ಫೆಬ್ರವರಿ 5ರಂದು ಹೃದಯಾಘಾತದಿಂದ ತೀರಿಕೊಂಡ. ಬೆಳ್ಳಿ ಮುಖವಾಡ ತೊಡಿಸಿಯೇ ಮಣ್ಣು ಮಾಡಿದರು.

ಆಗ ಮಗನಿಗೆ ಇಪ್ಪತ್ತು ವರ್ಷ. ಬೆಳ್ಳಿ ಮುಖವಾಡ ತೊಟ್ಟು ಒಂದೂವರೆ ವರ್ಷವೂ ಆಗಿರಲಿಲ್ಲ. ಅಲ್ಲಿಯವರೆಗೆ ತಪ್ಪಿದರೆ ತಿದ್ದಲು ಅಪ್ಪ ಇದ್ದ. ಇನ್ನು ಮುಂದೆ ಪ್ರತಿ ರಾತ್ರಿ ಸತ್ತವನೊಬ್ಬನ ಮುಖ ಹೊತ್ತು ಬದುಕಿದವರೊಡನೆ ಸೆಣಸಬೇಕು. ತಾನು ಗಳಿಸದೇ ಇದ್ದದ್ದನ್ನು ಪಣಕ್ಕಿಡುವ ಸ್ಥಿತಿ ಅದು. ಸೋತರೆ ಹೋಗುವುದು ಒಬ್ಬ ಹುಡುಗನ ಗುಟ್ಟು ಮಾತ್ರವಲ್ಲ. ಇಡೀ ದೇಶದ ಬಾಲ್ಯದ ನೆನಪು.

ಮುಖವಾಡವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಾಗೆ ಜೋಪಾನ ಮಾಡಿ, ಸುಲಭದ ಪಂದ್ಯಗಳಲ್ಲಿ ಕೈಬೀಸುತ್ತಾ ಅವನು ಬದುಕಬಹುದಿತ್ತು. ಹಾಗೆ ಮಾಡಲಿಲ್ಲ. 1986ರಲ್ಲಿ ಮೊಂತೆರ್ರೆಯಲ್ಲಿ ಎಸ್ಪಾಂತೊ ಜೂನಿಯರ್ ಎಂಬವನೆದುರು ಮುಖವಾಡಕ್ಕೆ ಮುಖವಾಡ ಪಣವಿಟ್ಟ. ಎಸ್ಪಾಂತೊ ಎಂಬುದೂ ಹಿಂದಿನ ತಲೆಮಾರಿನ ಹೆಸರು. ಆ ಹೆಸರಿನವರು ಅಪ್ಪ ಸಾಂತೊನ ಎದುರಾಳಿಗಳಾಗಿದ್ದರು. ಹಿರಿಯರ ಜಗಳವನ್ನು ಎರವಲು ಹೆಸರುಗಳ ಇಬ್ಬರು ಮುಂದುವರಿಸಿದರು. ಎಸ್ಪಾಂತೊ ಜೂನಿಯರ್ ಮುಖವಾಡ ಕಳೆದುಕೊಂಡ.

ಮರುವರ್ಷ, 1987ರಲ್ಲಿ, ಲಾಸ್ ಏಂಜಲಿಸ್‌ನ ಒಲಿಂಪಿಕ್ ಆಡಿಟೋರಿಯಂನಲ್ಲಿ ನೆಗ್ರೊ ಕಾಸಸ್ ಎದುರಾದ. ಕಾಸಸ್ ಕೂಡ ಕುಸ್ತಿಯ ಮನೆಯವನೇ, ಅಪ್ಪ ಪೆಪೆ ಕಾಸಸ್ ಕುಸ್ತಿಪಟು. ಆದರೆ ಅವನು ಮುಖವಾಡ ತೊಟ್ಟವನಲ್ಲ. ತನ್ನ ಮುಖದಲ್ಲೇ ಆಡುತ್ತಿದ್ದ. ಒಬ್ಬನದು ಮತ್ತೆ ಬೆಳೆಯುವ ಕೂದಲು, ಇನ್ನೊಬ್ಬನದು ಮತ್ತೆ ಸಿಗದ ಮುಖ. ಪಣ ಸಮನಾಗಿರಲಿಲ್ಲ. ಸಂತನ ಮಗ ಗೆದ್ದ, ಕಾಸಸ್ ತಲೆ ಬೋಳಿಸಿಕೊಂಡ. ಆದರೆ ಆ ಜೋಡಿಯ ಕಾಳಗವನ್ನು ಜನ ನೆನೆಯುವುದು ಇಬ್ಬರ ಆಟಕ್ಕಾಗಿ. ಅಪ್ಪನ ಹೆಸರಾಂತ ಪಟ್ಟು 'ಕುದುರೆ ಸವಾರಿ', ಅಂದರೆ ಕವುಚಿ ಬಿದ್ದವನ ಬೆನ್ನೇರಿ ಗದ್ದ ಹಿಡಿದು ಹಿಂದಕ್ಕೆ ಬಗ್ಗಿಸುವುದು, ಮಗನ ಕೈಯಲ್ಲೂ ಇತ್ತು. ಅದರ ಜೊತೆ ಹಗ್ಗಗಳ ನಡುವಿನಿಂದ ಬಾಣದಂತೆ ನುಗ್ಗಿ ರಿಂಗಿನ ಹೊರಗಿದ್ದವನ ಮೇಲೆ ಎರಗುವುದನ್ನು ತನ್ನದಾಗಿಸಿಕೊಂಡ. 'ಮಗ' ಎಂಬಲ್ಲಿಗೆ ನಿಂತುಹೋಗಿದ್ದ ಹೆಸರಿನ ಮುಂದೆ ಅವನು ಬರೆದುಕೊಂಡದ್ದು ಆ ಹಾರಾಟವನ್ನು.

ಇಷ್ಟಾದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಕೊರಾಕ್ ನಿಜವಾದ ಅನಾಮಿಕನಲ್ಲ. ಬಡ ಬಡಾವಣೆಯ ವ್ಯಾಯಾಮಶಾಲೆಯಿಂದ ಬಂದ ಹುಡುಗನಿಗೆ ಕೆಲವು ತಿಂಗಳಲ್ಲೇ ಹೊಸ ಹೆಸರು, ದೊಡ್ಡ ವೇದಿಕೆ ಕಾದಿರುವುದಿಲ್ಲ. ಕೊರಾಕ್ ಸೋತಿದ್ದರೂ ಮನೆಗೆ ಹೋಗಿ ಊಟ ಮಾಡಬಹುದಿತ್ತು. ಪರೀಕ್ಷೆ ಚಿಕ್ಕದು, ಸುರಕ್ಷಿತವಾದದ್ದು. ಆದರೂ ಪರೀಕ್ಷೆ ಇತ್ತು ಎಂಬುದು ಸಣ್ಣ ಸಂಗತಿಯಲ್ಲ. ಬಹಳ ಮನೆಗಳಲ್ಲಿ ಅಷ್ಟೂ ಇರುವುದಿಲ್ಲ.

ರಕ್ತವೇ ಎಲ್ಲವೂ ಎನ್ನುವವರಿಗೆ ಅದೇ ಮೆಕ್ಸಿಕೊದಲ್ಲಿ ಬೇರೆ ಉತ್ತರವಿದೆ. ಸಾಂತೊನ ದೊಡ್ಡ ಪ್ರತಿಸ್ಪರ್ಧಿ ಬ್ಲೂ ಡೀಮನ್‌ನ ನೀಲಿ ಮುಖವಾಡವನ್ನು ಮುಂದುವರಿಸಿದ ಬ್ಲೂ ಡೀಮನ್ ಜೂನಿಯರ್ ಅವನ ದತ್ತುಮಗ. ಭಾರತದ ಮಕ್ಕಳು ಟಿವಿಯಲ್ಲಿ ನೋಡಿ ಮೆಚ್ಚಿದ ರೇ ಮಿಸ್ಟೀರಿಯೊನ ಹೆಸರು ಬಂದದ್ದು ಸೋದರಮಾವನಿಂದ ಅಥವಾ ಚಿಕ್ಕಪ್ಪನಿಂದ ಎಂದು ಕನ್ನಡದಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. ಸ್ಪ್ಯಾನಿಶ್‌ಗೆ 'ತೀಯೊ' ಎಂಬ ಒಂದೇ ಪದ ಸಾಕು. ಮುಖವಾಡಕ್ಕೂ ಅಷ್ಟೇ ಸಾಕು. ಹಿಂದಿನವನು ಕಲಿಸಿದ್ದನ್ನು ಮುಂದಿನವನು ಕಲಿತನೇ ಎಂಬುದಷ್ಟೇ ಅದರ ಲೆಕ್ಕ.

ಈ ಲೆಕ್ಕ ಮರೆತರೆ ಏನಾಗುತ್ತದೆಂಬುದಕ್ಕೂ ಸಾಂತೊನ ಮನೆಯೇ ಉದಾಹರಣೆ. ಮುಂದೊಂದು ದಿನ ಸಾಂತೊನ ಮೊಮ್ಮಗನೊಬ್ಬ 'ಸಂತನ ಮೊಮ್ಮಗ' ಎಂಬ ಹೆಸರಿನಲ್ಲಿ ಕುಸ್ತಿಗಿಳಿದಾಗ, ಹೆಸರಿನ ಹಕ್ಕು ತನ್ನದೆಂದು ಸಂತನ ಮಗ ಕಾನೂನಿನ ಮೊರೆ ಹೋದ. ಮೊಮ್ಮಗ ಆ ಹೆಸರು ಬಿಡಬೇಕಾಯಿತು. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು. ಎರಡನೆಯ ಬಾವಲಿಗೆ ಆದದ್ದೂ ಅದೇ. ಆದರೆ ಆಗ ಕೇಳಬೇಕಾಗಿದ್ದ ಪ್ರಶ್ನೆ ಹೆಸರು ಯಾರ ಸೊತ್ತು ಎಂಬುದಲ್ಲ, ಆ ಹುಡುಗ ಹೇಗೆ ಆಡುತ್ತಾನೆ ಎಂಬುದು. ತನ್ನನ್ನು ಕೊರಾಕ್ ಆಗಿ ಪರೀಕ್ಷಿಸಿಕೊಂಡವನೇ ಇನ್ನೊಬ್ಬನ ಪರೀಕ್ಷೆಯನ್ನು ದಾಖಲೆಪತ್ರಕ್ಕೆ ಬಿಟ್ಟ. ಹೆಸರು ಕಸುಬಿನಿಂದ ಕಳಚಿಕೊಂಡು ಆಸ್ತಿಯಾಗುವುದು ಹೀಗೆಯೇ.

ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳಲಾಗುವುದಿಲ್ಲ ಎಂಬ ಮಾತು ಕನ್ನಡದಲ್ಲಿದೆ. ಆ ಮರದ ನೆರಳಿನಲ್ಲಿ ಸುಮ್ಮನೆ ಮಲಗುವವರ ಬಗ್ಗೆ ಗಾದೆ ಏನನ್ನೂ ಹೇಳುವುದಿಲ್ಲ. ಸಿನಿಮಾದಲ್ಲಿ, ರಾಜಕೀಯದಲ್ಲಿ, ಸಂಗೀತದಲ್ಲಿ ಅಂಥವರನ್ನು ಎಲ್ಲರೂ ನೋಡಿದ್ದಾರೆ: ಮೊದಲ ಪೋಸ್ಟರಿನಲ್ಲೇ, ಮೊದಲ ಟಿಕೆಟ್ಟಿನಲ್ಲೇ ಇಂಥವರ ಮಗ. ಅವರ ಮೇಲೆ ಸಿಟ್ಟಾಗುವುದು ಸುಲಭ. ಆದರೆ ತಪ್ಪು ಹೆಚ್ಚಿನಪಾಲು ಕೊಡುವವರದು. ಅಪ್ಪಂದಿರು ಹೆಸರು ಕೊಡುತ್ತಾರೆ, ಹೆಸರಿಲ್ಲದ ಆರು ತಿಂಗಳನ್ನು ಕೊಡುವುದಿಲ್ಲ. ಸಾಂತೊ ಅದನ್ನು ಕೊಟ್ಟ. ಬೆಳ್ಳಿ ಮುಖವಾಡಕ್ಕಿಂತ ಮೊದಲು ಮಗನಿಗೆ ಸಿಕ್ಕಿದ್ದು ಕೊರಾಕ್ ಎಂಬ, ಯಾರಿಗೂ ಏನೂ ಅನ್ನಿಸದ ಒಂದು ಹೆಸರು. ಆ ಮನೆಯ ದೊಡ್ಡ ಆಸ್ತಿ ಅದೇ ಆಗಿತ್ತು.