ಮೂಲೆಮನೆಯ ಮೇಷ್ಟರು

ಮೈಸೂರಿನ ಹಳೆಯ ಅಗ್ರಹಾರದ ಒಂದು ವಠಾರ. ಬೆಳಗಿನ ಐದು ಗಂಟೆಗೆ ಅಲ್ಲಿ ಮೊದಲು ತೆರೆಯುತ್ತಿದ್ದುದು ಮೂಲೆಮನೆಯ ಬಾಗಿಲು. ನಿವೃತ್ತ ಶಾಲಾ ಉಪಾಧ್ಯಾಯರಾದ ಆ ವೃದ್ಧರು ಜಗುಲಿಯ ಮೇಲೆ ಜಮಖಾನ ಹಾಸಿ, ಕಣ್ಮುಚ್ಚಿ ನಿಂತರೆಂದರೆ, ಹಾಲಿನವನು ಸಹ ತನ್ನ ಕೂಗನ್ನು ತಗ್ಗಿಸುತ್ತಿದ್ದನು.

ಅವರ ವಿದ್ಯೆ ಅರಮನೆಯ ನೆರಳಿನಲ್ಲಿ ದೊರೆತದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯೊಂದು ತೆರೆಯಿತು. ತಿರುಮಲೈ ಕೃಷ್ಣಮಾಚಾರ್ಯರು ಅದರ ಗುರುಗಳು. ಅವರ ‘ಯೋಗ ಮಕರಂದ’ ಮರುವರ್ಷವೇ ಕನ್ನಡದಲ್ಲಿ ಅಚ್ಚಾಯಿತು. ಬೆಳ್ಳೂರಿನಲ್ಲಿ ಹುಟ್ಟಿದ ರೋಗಿಷ್ಠ ಬಾಲಕನೊಬ್ಬನು ಅವರ ಬಳಿ ಕಲಿತು, ಮುಂದೆ ಬಿ. ಕೆ. ಎಸ್. ಅಯ್ಯಂಗಾರ್ ಎಂದು ಜಗತ್ತಿಗೆ ಪರಿಚಿತನಾದನು. ಮೇಷ್ಟರು ಆ ಶಾಲೆಯನ್ನು ಸೇರಿದ್ದು 1936ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ. ಅವರು ಜಗತ್ತಿಗೆ ಪರಿಚಿತರಾಗಲಿಲ್ಲ. ವಠಾರಕ್ಕೆ ಮಾತ್ರ ಬೇಕಾದವರಾದರು.

1984ರ ಮಾತು. ಎದುರು ಮನೆಯ ಸೊಸೆಗೆ ಉಬ್ಬಸ. ಸೌದೆಯ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಬಸವಳಿಯುತ್ತಿದ್ದ ಆಕೆ ಒಂದು ದಿನ ಅಳುಕುತ್ತಲೇ ಕಲಿಸಿಕೊಡುವಿರಾ ಎಂದು ಕೇಳಿದಳು. ಅತ್ತೆಗೆ ಇದು ಹಿಡಿಸಲಿಲ್ಲ.

“ಮೇಷ್ಟರೇ, ಹೆಂಗಸರಿಗೆ ಇದೆಲ್ಲ ಏಕೆ?”

“ನಮ್ಮ ಗುರುಪತ್ನಿಯವರೇ ಆಸನ ಹಾಕುತ್ತಿದ್ದರಮ್ಮ. ಹೆಂಗಸೆಂದು, ಪರದೇಶದವಳೆಂದು ಮೊದಲು ಒಪ್ಪದಿದ್ದ ಗುರುಗಳು ಕಡೆಗೆ ಇಂದ್ರಾ ದೇವಿ ಎಂಬಾಕೆಗೂ ಕಲಿಸಿದರು. ನಿಮಗೆ ಸಂಶಯವಿದ್ದರೆ ನೀವೂ ಬಂದು ಪಕ್ಕದಲ್ಲಿ ಕೂತುಕೊಳ್ಳಿ.”

ಕಾವಲಿಗೆಂದು ಬಂದು ಕುಳಿತ ಅತ್ತೆ, ವಾರ ಕಳೆಯುವಷ್ಟರಲ್ಲಿ ತಾವೂ ಕೈ ಎತ್ತತೊಡಗಿದರು!

ಮೇಷ್ಟರು ಆಕೆಗೆ ಮೊದಲೇ ಹೇಳಿದ್ದರು: “ಮಗು, ಡಾಕ್ಟರ ಔಷಧಿಯನ್ನು ಬಿಡಬೇಡ. ಉಬ್ಬಸವನ್ನು ಓಡಿಸುತ್ತೇನೆಂದು ನಾನು ಹೇಳಲಾರೆ. ಅದು ಬಂದಾಗ ಹೆದರದಿರುವುದನ್ನು ಕಲಿಸಬಲ್ಲೆ.” ಮೂರು ತಿಂಗಳು ಕಲಿಸಿದ್ದು ಇಷ್ಟೇ: ಉಸಿರು ಎಳೆಯುತ್ತ ತೋಳೆತ್ತುವುದು, ಬಿಡುತ್ತ ಇಳಿಸುವುದು, ಎಳೆಯುವುದಕ್ಕಿಂತ ಬಿಡುವುದು ನಿಧಾನ. ಶೀರ್ಷಾಸನದ ಮಾತೇ ಇಲ್ಲ. ಗುರುಕಾಣಿಕೆಯೆಂದು ಮುಂದಿಟ್ಟ ಹಣವನ್ನು ಅವರು ಮುಟ್ಟಲಿಲ್ಲ.

ಆಷಾಢದ ಒಂದು ಮಳೆಯ ರಾತ್ರಿ ಉಬ್ಬಸ ಬಲವಾಗಿ ಬಂತು. ಗಂಡ ಆಟೋರಿಕ್ಷಾ ತರಲು ಓಡಿದನು. ಹಿಂದೆಲ್ಲ ಅಂಥ ವೇಳೆ “ಸತ್ತೇ ಹೋಗುತ್ತೇನೆ” ಎಂದು ಚೀರಾಡುತ್ತಿದ್ದವಳು ಅಂದು ಗೋಡೆಗೊರಗಿ, ಬೆರಳು ಮಡಿಚಿ ಎಣಿಸುತ್ತ ಕುಳಿತಿದ್ದಳು. ಎಣಿಕೆ ತಪ್ಪಿದಾಗ ಅತ್ತೆ ಜೊತೆಗೂಡಿ ಎಣಿಸಿದರು. ಆಸ್ಪತ್ರೆಯನ್ನು ಮುಟ್ಟುವವರೆಗೂ ಇಬ್ಬರೂ ಧೈರ್ಯಗೆಡಲಿಲ್ಲ.

2003ರಲ್ಲಿ ಲಕ್ವ ಹೊಡೆದು ಮೇಷ್ಟರ ಬಲಗೈ ಬಿದ್ದುಹೋಯಿತು. ಮಕ್ಕಳು ದೂರದ ಊರುಗಳಲ್ಲಿ. ಆಗ ದಿನವೂ ಐದು ಗಂಟೆಗೆ ಎದುರು ಮನೆಯಾಕೆ ಬಂದು, ಹಾಸಿಗೆಯ ಬಳಿ ಕುಳಿತು, ಅವರ ಉಸಿರಿಗೆ ಸರಿಯಾಗಿ ಆ ತೋಳನ್ನು ಎತ್ತಿ ಇಳಿಸುತ್ತಿದ್ದಳು. ತೊದಲುತ್ತಲೇ ಅವರು ತಿದ್ದುತ್ತಿದ್ದರು: “ಅವಸರ ಬೇಡ, ಮಗು.”

ಅದೇ ವರ್ಷ ಅವರು ತೀರಿಕೊಂಡರು. ಮೂಲೆಮನೆಗೆ ಬೇರೆಯವರು ಬಂದಿದ್ದಾರೆ. ಆದರೆ ಅರವತ್ತು ದಾಟಿದ ಆ ಸೊಸೆ ಈಗಲೂ ಬೆಳಗಿನ ಐದು ಗಂಟೆಗೆ ತನ್ನ ಜಗುಲಿಯ ಮೇಲೆ ಜಮಖಾನ ಹಾಸುತ್ತಾಳೆ. ನೆರೆಯ ನಾಲ್ಕಾರು ಮಂದಿ ಬಂದು ಸೇರುತ್ತಾರೆ. ಅವರಲ್ಲಿ ಯಾರಾದರೂ ಆತುರಪಟ್ಟರೆ, ಮೇಷ್ಟರು ಹೇಳುತ್ತಿದ್ದ ಮಾತನ್ನೇ ಆಕೆ ಹೇಳುತ್ತಾಳೆ.