ಎಲೆ ಉದುರಿದ ಮಾತ್ರಕ್ಕೆ ಗಿಡ ಸತ್ತಿತೆನ್ನಬೇಡಿ



ಕಳೆದ ಜನವರಿಯಲ್ಲಿ ಚನ್ನಗಿರಿಯ ಸಹೋದರಿಯೊಬ್ಬರ ಪತ್ರ ಬಂದಿತ್ತು. ಮದುವೆಯಾಗಿ ಇಂಗ್ಲೆಂಡಿಗೆ ಹೋದ ಅವರ ಮಗಳು ಅಲ್ಲಿನ ಅಂಗಡಿಯಿಂದ ಕಾಗದದ ಹೂವಿನ ಗಿಡವೊಂದನ್ನು ಕುಂಡ ಸಮೇತ ತಂದಿಟ್ಟುಕೊಂಡಿದ್ದಳಂತೆ. ತವರಿನ ಗೇಟಿನ ಮೇಲೆ ಹಬ್ಬಿದ ಬಳ್ಳಿಯದೇ ಬಣ್ಣ. ಚಳಿ ಶುರುವಾದ ಮೇಲೆ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯಿತು. "ಫೋನಿನಲ್ಲಿ ಅಳುತ್ತಾಳೆ. ದಿನಾ ನೀರು ಹಾಕು ಬೇಟಾ, ಚಿಗುರುತ್ತದೆ ಎಂದು ನಾನೇ ಹೇಳುತ್ತಿದ್ದೇನೆ. ಆದರೂ ಚಿಗುರುತ್ತಿಲ್ಲ, ಏನು ಮಾಡಲಿ?" ಎಂದು ಆ ತಾಯಿ ಕೇಳಿದ್ದರು.

ಪತ್ರ ಓದಿ ಮನಸ್ಸು ಭಾರವಾಯಿತು. ಆ ಹುಡುಗಿ ಅಳುತ್ತಿದ್ದುದು ಗಿಡಕ್ಕಾಗಿ ಮಾತ್ರವಲ್ಲ ಎಂಬುದು ಹೆಣ್ಣುಮಕ್ಕಳನ್ನು ದೂರಕ್ಕೆ ಕೊಟ್ಟ ಎಲ್ಲರಿಗೂ ಗೊತ್ತು. ಅದಕ್ಕೆ ಔಷಧ ನನ್ನಲ್ಲಿಲ್ಲ. ಗಿಡಕ್ಕೆ ಇದೆ. "ಮೊದಲು ನೀರು ನಿಲ್ಲಿಸಲು ಹೇಳಿ" ಎಂದು ಅಂದೇ ಬರೆದು ಹಾಕಿದೆ.

ನಾವು ಪೇಪರ್ ಹೂ ಎಂದೂ ಕರೆಯುವ ಈ ಬೋಗನ್‌ವಿಲ್ಲಾ ಬ್ರೆಜಿಲ್ ಕಡೆಯ ಗಿಡ. ಬಿಸಿಲು, ಬೆಚ್ಚನೆಯ ಗಾಳಿ, ನೀರು ನಿಲ್ಲದ ಮಣ್ಣು ಇದಕ್ಕೆ ಇಷ್ಟ. ಹವೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುತ್ತಿದ್ದಂತೆ ಬೆಳವಣಿಗೆ ನಿಲ್ಲಿಸಿ, ಎಲೆ ಉದುರಿಸಿ, ಮಲಗಿಬಿಡುತ್ತದೆ. ಮಲಗಿದ ಗಿಡದ ಬೇರು ನೀರು ಹೀರುವುದು ತೀರಾ ಕಡಿಮೆ. ಆಗ ದಿನವೂ ನೀರು ಸುರಿದರೆ ಕುಂಡದ ಮಣ್ಣು ಕೆಸರಾಗಿ ಬೇರು ಕೊಳೆಯುತ್ತದೆ. ತಣ್ಣನೆಯ ದೇಶಗಳಲ್ಲಿ ಎಷ್ಟೋ ಕುಂಡದ ಗಿಡಗಳು ಸಾಯುವುದು ಚಳಿಗಿಂತ ಹೆಚ್ಚಾಗಿ ಹೀಗೆ, ನಮ್ಮ ಪ್ರೀತಿಯಿಂದಲೇ. ಕೆಟ್ಟ ಮನಸ್ಸಿನಿಂದ ಯಾರೂ ನೀರು ಹಾಕುವುದಿಲ್ಲ ನೋಡಿ.

ಗಿಡಕ್ಕೆ ಜೀವ ಇದೆಯೋ ಇಲ್ಲವೋ ತಿಳಿಯುವುದು ಸುಲಭ. ಉಗುರಿನಿಂದ ಕಾಂಡದ ತೊಗಟೆಯನ್ನು ಸ್ವಲ್ಪ ಕೆರೆಯಿರಿ. ಒಳಗೆ ಹಸಿರು ಕಂಡರೆ ಜೀವ ಇದೆ. ಕಂದು ಬಣ್ಣವಿದ್ದು ಒಣಗಿದ್ದರೆ ಇನ್ನಷ್ಟು ಕೆಳಗೆ, ಬುಡದ ಹತ್ತಿರ ಕೆರೆದು ನೋಡಿ. ತುದಿ ಒಣಗಿದ್ದರೂ ಬುಡ ಹಸಿರಾಗಿರುವುದುಂಟು. ನಾನು ಇದನ್ನು ಕಲಿತದ್ದು ತಡವಾಗಿ. ಹಿಂದೊಮ್ಮೆ ನನ್ನದೇ ಕುಂಡದ ಗಿಡ ಎಲೆ ಉದುರಿಸಿದಾಗ ಸತ್ತಿತೆಂದು ಕಿತ್ತು ಹಿತ್ತಲಿಗೆ ಎಸೆದೆ. ಹದಿನೈದು ದಿನ ಬಿಟ್ಟು ನೋಡಿದರೆ ಕಸದ ರಾಶಿಯ ಮೇಲೆ ಅದರ ಬುಡದಲ್ಲಿ ಎರಡು ಚಿಗುರು! ಬೇರು ಹರಿದು ಹೋಗಿದ್ದರಿಂದ ಮತ್ತೆ ನೆಟ್ಟರೂ ಉಳಿಯಲಿಲ್ಲ.

ವಿದೇಶದಲ್ಲಿ ಅಥವಾ ಮಡಿಕೇರಿ, ಊಟಿಯಂಥ ಚಳಿಯ ಊರುಗಳಲ್ಲಿ ನಿಮ್ಮ ಮಕ್ಕಳಿದ್ದರೆ ಈ ಕೆಲವು ಮಾತು ತಿಳಿಸಿ. ಹಿಮ ಬೀಳುವ ಕಡೆ ಚಳಿಗಾಲದಲ್ಲಿ ಕುಂಡ ಮನೆಯೊಳಗೇ ಇರಬೇಕು. ಅತಿ ಹೆಚ್ಚು ಬೆಳಕು ಬರುವ ಕಿಟಕಿ ಒಳ್ಳೆಯದು. ಇಂಗ್ಲೆಂಡಿನಲ್ಲಾದರೆ ಅದು ದಕ್ಷಿಣದ ಕಿಟಕಿ. ಕೋಣೆಯ ಹೀಟರ್ ಪಕ್ಕದಲ್ಲಿ ಇಡಬಾರದು. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ, ಒಣಗಿದ್ದರೆ ಮಾತ್ರ ಸ್ವಲ್ಪ ನೀರು. ಗೊಬ್ಬರ ಬೇಡವೇ ಬೇಡ. ಚಳಿ ಕಳೆಯುವ ಹೊತ್ತಿಗೆ ಒಣ ಕಡ್ಡಿ ಕತ್ತರಿಸಿ, ಚಿಗುರು ಕಂಡ ಮೇಲೆ ನೀರು ಹೆಚ್ಚಿಸಬೇಕು. ಹಿಮದ ಭಯ ಪೂರ್ತಿ ಹೋದ ಮೇಲೆ, ಅಲ್ಲಿ ಮೇ ಕೊನೆಯ ಹೊತ್ತಿಗೆ, ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಹೊರಗಿಟ್ಟು ಬಿಸಿಲಿಗೆ ರೂಢಿ ಮಾಡಿಸಬೇಕು. ಇನ್ನೊಂದು ಮಾತು: ಊರಿನ ಗಿಡದ ಕಡ್ಡಿಯನ್ನು ಸೂಟ್‌ಕೇಸಿನಲ್ಲಿಟ್ಟು ಕಳಿಸಬೇಡಿ. ಸಸ್ಯರೋಗ ಹರಡದಂತೆ ಕಾನೂನುಗಳಿವೆ, ಪ್ರಮಾಣಪತ್ರವಿಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ಕಸಿದುಕೊಳ್ಳುತ್ತಾರೆ.

ಇನ್ನು ನಮ್ಮ ಊರುಗಳ ಮಾತು. ದಾವಣಗೆರೆ ಜಿಲ್ಲೆಯ ಡಿಸೆಂಬರ್ ಚಳಿ ಈ ಗಿಡವನ್ನು ಕೊಲ್ಲುವಂಥದ್ದಲ್ಲ. ಮಳೆ ನಿಂತು, ಬಿಸಿಲು ಬಿದ್ದು, ರಾತ್ರಿ ಉದ್ದವಾಗುವ ಆ ತಿಂಗಳುಗಳಿಂದಲೇ ಇದು ಚೆನ್ನಾಗಿ ಹೂ ಬಿಡುವುದು. ಆದರೂ "ಜಗಳೂರಿನಲ್ಲಿ ಯಾರೂ ನೋಡಿಕೊಳ್ಳದಿದ್ದರೂ ಬೇಲಿ ತುಂಬ ಹೂ, ನಮ್ಮಲ್ಲಿ ಬರೀ ಎಲೆ, ಏಕೆ?" ಎಂದು ಹೊನ್ನಾಳಿ, ನ್ಯಾಮತಿಯ ಸಹೋದರಿಯರು ಕೇಳುತ್ತಾರೆ. ಉತ್ತರ ಪ್ರಶ್ನೆಯಲ್ಲೇ ಇದೆ. ಜಗಳೂರು ಬರದ ನಾಡು, ಅಲ್ಲಿ ಗಿಡಕ್ಕೆ ಬೇಕಾದ ಒಣಹವೆ ತಾನಾಗಿಯೇ ಸಿಗುತ್ತದೆ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ, ಅಡಿಕೆ ತೋಟಗಳ ಚನ್ನಗಿರಿಯಲ್ಲಿ ನೀರೂ ನೆರಳೂ ಹೆಚ್ಚು. ನೀರು, ಗೊಬ್ಬರ ಧಾರಾಳವಾಗಿ ಸಿಕ್ಕಿದ ಗಿಡ ಎಲೆ ಬೆಳೆಸಿಕೊಂಡು ಸುಖವಾಗಿರುತ್ತದೆ, ಹೂವಿನ ಗೊಡವೆಗೆ ಹೋಗುವುದಿಲ್ಲ.

ಹಾಗಾಗಿ ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ ತಾರಸಿಯೋ ಅಂಗಳವೋ ನೋಡಿ ಕುಂಡ ಇಡಿ. ವುಝೂ ಮಾಡಿದ ನೀರು ಹರಿದು ಹೋಗುವ ಜಾಗದಲ್ಲಿ ಬೇಡ. ಅಲ್ಲಿ ಮಲ್ಲಿಗೆಯೋ ಪುದೀನವೋ ಇರಲಿ. 10ರಿಂದ 12 ಇಂಚಿನ, ತಳದಲ್ಲಿ ತೂತಿರುವ ಕುಂಡ ಸಾಕು. ಬೇರು ಸ್ವಲ್ಪ ಇಕ್ಕಟ್ಟಿನಲ್ಲಿದ್ದರೇ ಹೂ ಹೆಚ್ಚು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಸಗಣಿ ಗೊಬ್ಬರ ಬೆರೆಸಿ. ಹೊಲದ ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದನ್ನೇ ತುಂಬಬೇಡಿ. ಕುಂಡ ಬದಲಿಸುವಾಗ ಬೇರಿನ ಸುತ್ತಲಿನ ಮಣ್ಣಿನ ಹೆಂಟೆ ಒಡೆಯದಂತೆ ಎತ್ತಿ. ಹೂ ಬರುವುದು ಹೊಸ ಚಿಗುರಿನಲ್ಲಿ, ಆದ್ದರಿಂದ ಒಂದು ಸುತ್ತು ಹೂ ಮುಗಿದ ಮೇಲೆ ತುದಿಗಳನ್ನು ಸವರಿ. ಮುಳ್ಳಿನ ಗಿಡ, ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ, ಮಕ್ಕಳು ಓಡಾಡುವ ದಾರಿಯಲ್ಲಿ ಇಡಬೇಡಿ.

ನೀರು ಕಡಿಮೆಯಾದರೆ ಹೂ ಬರುತ್ತದೆಂಬ ಮಾತು ನಂಬಿಕೆಯಾಗದಿದ್ದರೆ ನಿಮ್ಮ ಮನೆಯಲ್ಲೇ ನೆನಪಿಸಿಕೊಳ್ಳಿ. 2025ರ ರಮಝಾನ್ ಮಾರ್ಚ್ ತಿಂಗಳಲ್ಲಿ ಬಂದಿತ್ತು. ಸಹರಿ, ಇಫ್ತಾರಿನ ಕೆಲಸದ ನಡುವೆ ನನ್ನ ತಾರಸಿಯ ಕುಂಡಗಳಿಗೆ ಮೂರ್ನಾಲ್ಕು ದಿನಕ್ಕೊಮ್ಮೆ ನೀರು ಹಾಕಿದ್ದರೆ ಹೆಚ್ಚು. ಈದ್ ದಿನ ಮೇಲೆ ಹೋಗಿ ನೋಡಿದರೆ ಇಡೀ ಗಿಡ ಕೆಂಪಾಗಿತ್ತು.

ನಾವು ಹೂವೆನ್ನುವ ಆ ಬಣ್ಣದ ಪಕಳೆ ನಿಜವಾಗಿ ಎಲೆಯದೇ ಒಂದು ರೂಪ. ಮೂರು ಬಣ್ಣದ ಎಲೆಗಳ ನಡುವೆ ಪುಟ್ಟ ಬಿಳಿ ಕೊಳವೆಯಂತೆ ಕಾಣುವುದೇ ಅಸಲಿ ಹೂ. ನಮ್ಮ ಸಂಜೆಮಲ್ಲಿಗೆಯೂ ಇದೇ ಕುಟುಂಬದ್ದು. ಫ್ರೆಂಚ್ ನೌಕಾಧಿಕಾರಿ ಬೋಗನ್‌ವಿಲ್ ಅವರ ಹೆಸರು ಇದಕ್ಕೆ ಬಂದಿದೆ. ಅವರ ಯಾನದಲ್ಲಿದ್ದ ಸಸ್ಯವಿಜ್ಞಾನಿ ಕೊಮೆರ್ಸನ್ 1767ರಲ್ಲಿ ರಿಯೊ ಡಿ ಜನೈರೊದಲ್ಲಿ ಇದನ್ನು ದಾಖಲಿಸಿದರು. ಹೆಂಗಸರಿಗೆ ಹಡಗಿನಲ್ಲಿ ಜಾಗವಿಲ್ಲದ ಆ ಕಾಲದಲ್ಲಿ, ಗಂಡಸಿನ ವೇಷದಲ್ಲಿ ಅವರ ಸಹಾಯಕಿಯಾಗಿ ಹೋದವಳು ಜೀನ್ ಬಾರೆ. ಕೊಮೆರ್ಸನ್‌ಗೆ ಕಾಲುನೋವಿದ್ದುದರಿಂದ ಈ ಗಿಡವನ್ನು ಮೊದಲು ಆಯ್ದು ತಂದವಳು ಅವಳೇ ಇರಬಹುದೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಮುಂದೆ ಇಡೀ ಭೂಮಿಯನ್ನು ಸುತ್ತಿ ಬಂದ ಮೊದಲ ಹೆಂಗಸೆಂದು ಅವಳನ್ನು ಗುರುತಿಸಲಾಯಿತು. ಗಿಡಕ್ಕೆ ಮಾತ್ರ ಯಾನದ ಯಜಮಾನನ ಹೆಸರು.

ಚನ್ನಗಿರಿಯ ಸಹೋದರಿ ಏಪ್ರಿಲ್‌ನಲ್ಲಿ ಮತ್ತೆ ಬರೆದರು. ಮಗಳು ಉಗುರಿನಿಂದ ಕೆರೆದು ನೋಡಿದಾಗ ಬುಡದ ಹತ್ತಿರ ಹಸಿರಿತ್ತಂತೆ. ಮೇಲಿನ ಅರ್ಧ ಗಿಡ ಹೋಯಿತು, ಕೆಳಗಿನಿಂದ ಐದು ಚಿಗುರು ಬಂದಿವೆ. "ಈಗ ಫೋನ್ ಮಾಡಿದರೆ ಮೊದಲು ಚಿಗುರಿನ ಲೆಕ್ಕ ಹೇಳುತ್ತಾಳೆ, ಆಮೇಲೆ ಉಳಿದ ಮಾತು. ನೀರು ಹಾಕು ಎಂದು ನಾನು ಈಗ ಹೇಳುವುದಿಲ್ಲ, ಮಣ್ಣು ಮುಟ್ಟಿ ನೋಡಿದೆಯಾ ಎಂದು ಕೇಳುತ್ತೇನೆ" ಎಂದಿದ್ದಾರೆ.

ನಿಮ್ಮ ಹಿತ್ತಲಲ್ಲೂ ಎಲೆ ಕಳೆದುಕೊಂಡ ಕುಂಡವೊಂದಿದ್ದರೆ ಎಸೆಯುವ ಮೊದಲು ಬುಡದ ತೊಗಟೆ ಕೆರೆದು ನೋಡಿ. ಏನು ಕಂಡಿರೆಂದು ನನಗೂ ಒಂದು ಸಾಲು ಬರೆಯಿರಿ.